ಅಂಗಡಿಯ ಲೆಕ್ಕವೂ ಸತ್ಯಶುದ್ಧ ಕಾಯಕವೂ

ದೀಪಾವಳಿಯ ಅಮಾವಾಸ್ಯೆಯಂದು ನಮ್ಮ ಸೀಮೆಯ ವರ್ತಕರು ಹೊಸ ಕಿರ್ದಿ ಖತಾವಣಿಗಳನ್ನು ತಂದು, ವಿಭೂತಿ ಕುಂಕುಮಗಳನ್ನು ಹಚ್ಚಿ, ಹೂವೇರಿಸಿ ಪೂಜಿಸುವುದು ರೂಢಿಯಾಗಿದೆ. ಅಂಗಡಿಯ ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ಅಂದು ಪೂಜೆಯುಂಟು. ಇದು ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಪೂಜೆಗೊಂಡ ಆ ಪುಸ್ತಕವನ್ನು ಅಂಗಡಿಯ ಯಜಮಾನನು ಮುಂದಿನ ದೀಪಾವಳಿಯವರೆಗೆ ಎಷ್ಟು ಸಲ ತೆರೆದು ನೋಡುವನೆಂದು ಕೇಳಿದರೆ ಅನೇಕರು ಉತ್ತರ ಕೊಡಲಾರರು. ಬರೆಯುವವನು ಬೇರೊಬ್ಬನಿದ್ದಾನೆ, ಅವನು ನಂಬಿಗಸ್ಥನು, ನಮ್ಮವನೇ, ಅವನಿಗೆ ಲೆಕ್ಕ ಕೇಳಿದರೆ ಅವನ ಮನಸ್ಸು ನೋಯುವುದು. ಹೀಗೆಂಬ ಸಮಾಧಾನವನ್ನು ನಾವು ದಿನವೂ ಕೇಳುತ್ತೇವೆ. ಈ ಸಮಾಧಾನವು ಎಷ್ಟು ಅನರ್ಥಕಾರಿಯೆಂಬುದನ್ನು ಸದ್ಭಕ್ತರಾದ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ. ಇದನ್ನು ಬರೆಯಲು ನನಗಿರುವ ಅಧಿಕಾರವಾದರೂ ಏನೆಂದರೆ, ಆ ಸಮಾಧಾನವನ್ನು ಒಮ್ಮೆ ನಾನೇ ಒಬ್ಬರಿಗೆ ಉಪದೇಶಿಸಿದ್ದೆನು.

ಕಾಯಕವು ಸತ್ಯಶುದ್ಧವಾಗಿರತಕ್ಕದ್ದೆಂಬುದನ್ನು ನಮ್ಮ ಮನೆಗಳ ಬಾಲಕರೂ ಬಲ್ಲರು. ಅಣ್ಣನವರು ವರ್ಜಿಸತಕ್ಕ ಕೃತ್ಯಗಳನ್ನು ಎಣಿಸುವಾಗ ಕಳವನ್ನೇ ಮೊದಲು ಇಟ್ಟರೆಂಬುದನ್ನೂ ಬಲ್ಲರು. ಆದರೆ ಈ ಮಾತನ್ನು ನಾವು ಯಾವಾಗಲೂ ಕೈ ಚಾಚುವವನಿಗೆ ಹೇಳುತ್ತೇವೆಯೇ ಹೊರತು, ಪೆಟ್ಟಿಗೆಯನ್ನು ತೆರೆದಿಟ್ಟು ಎದ್ದುಹೋಗುವವನಿಗೆ ಹೇಳುವುದಿಲ್ಲ. ಹಸಿದವನೆದುರು ಎಣಿಸದ ಹಣವನ್ನು ಇಟ್ಟುಹೋಗುವುದು ಅವನಲ್ಲಿಟ್ಟ ವಿಶ್ವಾಸವೋ, ಅವನಿಗೆ ಒಡ್ಡಿದ ಪರೀಕ್ಷೆಯೋ, ಅಥವಾ ನಮ್ಮ ಸೋಮಾರಿತನವೋ ಎಂಬುದನ್ನು ಯೋಚಿಸಬೇಕು.

ಅಣ್ಣನವರು ಸ್ವತಃ ಲೆಕ್ಕದ ಕಾಯಕದವರು. ಮಂಗಳವಾಡದಲ್ಲಿ ಕರಣಿಕರಾಗಿ ಸೇರಿ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾದರು. ಶರಣರೊಳಗೆ ಬೊಕ್ಕಸದ ಚಿಕ್ಕಣ್ಣನವರೂ, ಸುಂಕದ ಬಂಕಣ್ಣನವರೂ ಇದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಪರರ ಹಣವನ್ನು ಮುಟ್ಟಿ, ಎಣಿಸಿ, ಒಪ್ಪಿಸುವ ಕೆಲಸವು ನೇಯುವ ಕೆಲಸದಂತೆ, ಬುಟ್ಟಿ ಹೆಣೆಯುವ ಕೆಲಸದಂತೆ ಕಾಯಕವೇ ಆಗಿತ್ತು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ಮುಗಿಸಿದ ಕನ್ನಡ ಬಸವಪುರಾಣವೂ ಹೇಳುವ ಒಂದು ಪ್ರಸಂಗವುಂಟು. ಭಂಡಾರದ ಹಣವನ್ನು ಬಸವಣ್ಣನವರು ಜಂಗಮರಿಗೆ ಸುರಿಯುತ್ತಿರುವರೆಂದು ಅಸೂಯಾಪರರು ಅರಸನ ಕಿವಿಯೂದಿದರು. ಭಂಡಾರವನ್ನು ಎಣಿಸಿ ನೋಡಲಾಗಿ ಒಂದು ಹೊನ್ನೂ ಕುಂದಿರಲಿಲ್ಲ. ಈ ಕಥೆಯನ್ನು ನಾವು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ಅದು ಭಕ್ತಿಗೆ ಸಲ್ಲುವ ಮಾತು. ಆದರೆ ವ್ಯವಹಾರಕ್ಕೆ ಸಲ್ಲುವ ಮಾತೊಂದು ಅದರಲ್ಲಿಯೇ ಅಡಗಿದೆ: ಎಣಿಕೆಯು ಅಣ್ಣನವರಿಗೆ ಅಪಮಾನವಾಗಲಿಲ್ಲ, ರಕ್ಷಣೆಯಾಯಿತು. ಎಣಿಸದೆ ಬಿಟ್ಟಿದ್ದರೆ ಚಾಡಿಯ ಮಾತು ಊರಲ್ಲಿ ಉಳಿಯುತ್ತಿತ್ತು. ಪ್ರಾಮಾಣಿಕನಾದವನಿಗೆ ಲೆಕ್ಕದಷ್ಟು ದೊಡ್ಡ ಸಾಕ್ಷಿ ಬೇರೊಂದಿಲ್ಲ.

ಕಲ್ಯಾಣದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳದೆ ಇರಲಾರೆನು. ಶರಣರಿಗಿಂತ ಸ್ವಲ್ಪ ಮೊದಲು ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126), ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದರು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವರ್ತಕರ ಮೋಸಗಳಿಗೆ ದಂಡವನ್ನು ವಿಧಿಸಿದೆ. ಧಾನ್ಯ, ಎಣ್ಣೆ, ಉಪ್ಪು, ಬೆಲ್ಲ ಮೊದಲಾದವುಗಳಲ್ಲಿ ಕೀಳು ವಸ್ತುವನ್ನು ಬೆರಸಿದವನಿಗೆ 16 ಪಣ. ಆದರೆ ತಕ್ಕಡಿಯನ್ನೋ, ಅಳತೆಯನ್ನೋ, ನಾಣ್ಯವನ್ನೋ ಕೂಟವಾಗಿ ಮಾಡಿದವನಿಗೂ, ಅಂಥದೆಂದು ತಿಳಿದು ಅದರಿಂದ ವ್ಯವಹರಿಸಿದವನಿಗೂ ಉತ್ತಮ ಸಾಹಸವೆಂಬ ದಂಡ, ಎಂದರೆ 1080 ಪಣ. ಬೆರಕೆಗಿಂತ ಸುಳ್ಳು ತಕ್ಕಡಿಗೆ ಅಷ್ಟೊಂದು ಹೆಚ್ಚು ದಂಡವೇಕೆ? ನನಗೆ ತೋರುವುದಿಷ್ಟು: ಬೆರಕೆಯ ಅಕ್ಕಿಯನ್ನು ಕೊಂಡವನು ಕಲ್ಲು ಕಂಡಾಗ ಅರಿಯಬಲ್ಲನು. ತಕ್ಕಡಿಯು ಕೆಟ್ಟರೆ ಅರಿಯುವ ಸಾಧನವೇ ಕೆಟ್ಟಂತಾಯಿತು. ಲೆಕ್ಕದ ಪುಸ್ತಕಕ್ಕೂ ಇದು ಅನ್ವಯಿಸುವುದು. ಪುಸ್ತಕವೇ ಸುಳ್ಳಾದ ಅಂಗಡಿಯಲ್ಲಿ ನಿಜವು ಯಾವುದೆಂದು ಯಜಮಾನನೂ ಅರಿಯಲಾರನು.

ತೂಕದ ಸಾಧನಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಮನುವೂ, ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಒತ್ತಿಸಬೇಕೆಂದು ಕೌಟಿಲ್ಯನೂ ವಿಧಿಸಿದ್ದಾರೆ. ಶತಮಾನಗಳ ಕಾಲ ಮರೆಯಾಗಿದ್ದ ಆ ಕೌಟಿಲ್ಯನ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಿಂದ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಅದರಲ್ಲಿ ಅಧಿಕಾರಿಗಳು ಹಣವನ್ನು ನುಂಗುವ 40 ಬಗೆಯ ಉಪಾಯಗಳನ್ನು ಒಂದೊಂದಾಗಿ ಹೆಸರಿಟ್ಟು ಎಣಿಸಿದೆ. ಬಂದುದನ್ನು ಬಾರದುದೆಂದು ಬರೆಯುವುದು, ಒಬ್ಬನು ಕೊಟ್ಟುದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ಅಳತೆಯಲ್ಲಿಯೂ ಎಣಿಕೆಯಲ್ಲಿಯೂ ವ್ಯತ್ಯಾಸ ಮಾಡುವುದು ಮೊದಲಾದವನ್ನು ಓದಿದರೆ, ಇಂದಿನ ಯಾವುದೋ ಅಡತಿ ಅಂಗಡಿಯ ತನಿಖೆಯ ವರದಿಯನ್ನು ಓದಿದಂತಾಗುವುದು. ಎರಡು ಸಾವಿರ ವರ್ಷಗಳಲ್ಲಿ ಉಪಾಯಗಳು ಹೆಚ್ಚೇನೂ ಬದಲಾಗಿಲ್ಲ.

ಇನ್ನು ನಾನು ಕಣ್ಣಾರೆ ಕಂಡುದನ್ನು ಹೇಳುವೆನು.

ಕೆಂಚನಗುಡ್ಡದಿಂದ ಸಿರುಗುಪ್ಪದವರೆಗಿನ ತುಂಗಭದ್ರೆಯ ಬಯಲು ಭತ್ತದ ಸೀಮೆಯೆಂದು ಎಲ್ಲರೂ ಬಲ್ಲರು. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಇಲ್ಲಿ ಗದ್ದೆಗಳಿಗೆ ನೀರು ಹಾಯಿಸುತ್ತಿವೆ. ಭತ್ತ ಇದ್ದಲ್ಲಿ ಮಿಲ್ಲು, ಮಿಲ್ಲು ಇದ್ದಲ್ಲಿ ಅಕ್ಕಿಯ ಅಂಗಡಿ. ಈ ಸೀಮೆಯ ಒಂದು ಊರಿನಲ್ಲಿ ಅಕ್ಕಿ ಮತ್ತು ಕಿರಾಣಿಯ ವ್ಯಾಪಾರ ಮಾಡುತ್ತಿದ್ದ ಒಬ್ಬ ಹಿರಿಯರಿದ್ದರು. ಹೆಸರು ಬೇಡ. ಪ್ರಾತಃಕಾಲದಲ್ಲಿ ಲಿಂಗಪೂಜೆ ಮುಗಿಸದೆ ಅಂಗಡಿಯ ಕದ ತೆರೆದವರಲ್ಲ. ಬಡ ವಿದ್ಯಾರ್ಥಿಗಳ ಪ್ರಸಾದಕ್ಕೆ ತಿಂಗಳಿಗೊಮ್ಮೆ ಅಕ್ಕಿಯನ್ನು ತಪ್ಪದೆ ಕಳುಹಿಸಿದವರು. ಅವರ ಅಂಗಡಿಯಲ್ಲಿ ಇಬ್ಬರಿದ್ದರು. ಒಬ್ಬನು ಸೋದರಳಿಯ, ಓದಿದವನು. ಮಿಲ್ಲಿಗೆ ಬೇಡಿಕೆ ಹೇಳುವುದು, ಲಾರಿ ಬಂದಾಗ ಸರಕನ್ನು ಎಣಿಸಿಕೊಂಡು ಬಿಲ್ಲಿಗೆ ರುಜು ಹಾಕುವುದು, ಪುಸ್ತಕ ಬರೆಯುವುದು, ಮಿಲ್ಲಿನವರಿಗೆ ಹಣ ಸಲ್ಲಿಸುವುದು, ಎಲ್ಲವೂ ಅವನದೇ. ಇನ್ನೊಬ್ಬನು ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗ, ತಂದೆಯಿಲ್ಲದವನು. ಚೀಲ ಹೊತ್ತು ಗೋದಾಮಿನಲ್ಲಿ ಅಟ್ಟಿ ಹಾಕುವ ಕೆಲಸ. ಗೋದಾಮಿನ ಬೀಗದ ಕೈ ಅವನ ಉಡಿದಾರದಲ್ಲಿರುತ್ತಿತ್ತು.

ಒಂದು ದಿನ ಆ ಹಿರಿಯರು ಮಠಕ್ಕೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು, "ಮಾಸ್ತರೇ, ವ್ಯಾಪಾರ ಚೆನ್ನಾಗಿ ನಡೆದರೂ ಕೈಯಲ್ಲಿ ಹಣ ನಿಲ್ಲುತ್ತಿಲ್ಲ. ಅಳಿಯನಿಗೆ ಒಮ್ಮೆ ಲೆಕ್ಕ ಕೇಳಲೇ?" ಎಂದರು. ನಾನು ವ್ಯವಹಾರವನ್ನು ಅರಿಯದವನು. ಆದರೂ ಅರಿತವನಂತೆ, "ತಂಗಿಯ ಮಗನಿಗೆ ಲೆಕ್ಕ ಕೇಳುವುದೇ? ವಿಶ್ವಾಸವೇ ಧರ್ಮದ ಮೂಲವಲ್ಲವೆ?" ಎಂದು ಎರಡು ಸುಭಾಷಿತಗಳನ್ನೂ ಹೇಳಿ ಕಳುಹಿಸಿದೆನು. ನನ್ನ ಉಪದೇಶವು ಕೇಳಲು ಬಹು ಮಧುರವಾಗಿತ್ತು.

ಮುಂದಿನ ದೀಪಾವಳಿಗೆ ಸರಕನ್ನು ಎಣಿಸಿದಾಗ, ಪುಸ್ತಕದಲ್ಲಿ ಇರಬೇಕಾದುದಕ್ಕಿಂತ 25 ಕಿಲೋದ ನಲವತ್ತಕ್ಕೂ ಹೆಚ್ಚು ಚೀಲಗಳು ಕಡಮೆಯಾದವು. ಪುಸ್ತಕವು ಅಳಿಯನ ಕೈಯಲ್ಲಿ, ಬೀಗದ ಕೈ ಹುಡುಗನ ಉಡಿದಾರದಲ್ಲಿ. ಸಂಶಯವು ಯಾರ ಮೇಲೆ ಹೋಯಿತೆಂಬುದನ್ನು ಹೇಳಬೇಕಾದುದಿಲ್ಲ. ಪೊಲೀಸರಿಗೆ ದೂರು ಕೊಡದೆ ಬಿಟ್ಟುದನ್ನೇ ದೊಡ್ಡ ಉಪಕಾರವೆಂದು ಎಣಿಸಿ ಹುಡುಗನನ್ನು ಹೊರಗೆ ಕಳುಹಿಸಿದರು. ಚಿಕ್ಕ ಊರು. ಅವನಿಗೆ ಬೇರೆ ಅಂಗಡಿಯವರಾರೂ ಕೆಲಸ ಕೊಡಲಿಲ್ಲ. ಅವನು ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದನು. ಅವನ ತಾಯಿ ಮಠದ ಜಗಲಿಯಲ್ಲಿ ಕುಳಿತು, "ನನ್ನ ಮಗ ಕಳ್ಳ ಅಲ್ಲ ಅಂತ ನೀವಾದರೂ ಒಂದು ಮಾತು ಹೇಳ್ರಿ ಮಾಸ್ತರ್ರೆ" ಎಂದು ಕೇಳಿದಳು. ನಾನು ಏನು ಹೇಳಲಿ? ಅವನು ಕಳ್ಳನೆಂದಾಗಲಿ, ಕಳ್ಳನಲ್ಲವೆಂದಾಗಲಿ ಹೇಳಲು ಅಲ್ಲಿ ಲೆಕ್ಕವೇ ಇರಲಿಲ್ಲ. ಇದ್ದುದು ಒಬ್ಬನೇ ಬರೆದ ಪುಸ್ತಕ.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಲೆಕ್ಕವಿಲ್ಲದ ಅಂಗಡಿಯಲ್ಲಿ ನಷ್ಟವಾಗುವುದು ಯಜಮಾನನಿಗೆ ಮಾತ್ರವೆಂದು ನಾವು ತಿಳಿದಿರುವೆವು. ಅಪವಾದವು ಎಲ್ಲರಿಗಿಂತ ಬಡವನಾದವನ ತಲೆಗೆ ಬರುವುದನ್ನು ನಾವು ಲೆಕ್ಕಿಸುವುದಿಲ್ಲ.

ಸಣ್ಣ ವ್ಯಾಪಾರದಲ್ಲಿ ಮೋಸವನ್ನು ತಡೆಯುವ ಮೂಲಸೂತ್ರವು ಬಹು ಸರಳವಾದುದು. ಸರಕು ತರಿಸುವವನು, ಅದನ್ನು ಎಣಿಸಿಕೊಳ್ಳುವವನು, ಪುಸ್ತಕ ಬರೆಯುವವನು, ಹಣ ಸಲ್ಲಿಸುವವನು, ಈ ನಾಲ್ಕು ಕೈಗಳು ಒಂದೇ ಕೈ ಆಗಬಾರದು. ದೊಡ್ಡ ಕಂಪನಿಗಳಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಿರುವರು. ಇಬ್ಬರೇ ಇರುವ ಅಂಗಡಿಯಲ್ಲಿ ಹೇಗೆ? ಅಲ್ಲಿ ಯಜಮಾನನೇ ಮೂರನೆಯ ಕೈ ಆಗಬೇಕು. ಲಾರಿ ಬಂದಾಗ ಹುಡುಗನು ಗಟ್ಟಿಯಾಗಿ ಎಣಿಸಲಿ, ಯಜಮಾನನು ತನ್ನದೇ ಒಂದು ಚಿಕ್ಕ ಪುಸ್ತಕದಲ್ಲಿ ಅಂಕಿಯನ್ನು ಬರೆದುಕೊಳ್ಳಲಿ. ಹಣ ಸಲ್ಲಿಸುವ ಮುನ್ನ ಮಿಲ್ಲಿನ ಬಿಲ್ಲು, ತನ್ನ ಚಿಕ್ಕ ಪುಸ್ತಕ, ಗುಮಾಸ್ತನ ಖತಾವಣಿ ಇವು ಮೂರೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡಲಿ. ಕಾಲುಗಂಟೆಯ ಕೆಲಸ. ಮನೆಯ ಗೃಹಿಣಿಯರು ಈ ಕೆಲಸವನ್ನು ಗಂಡಸರಿಗಿಂತ ಚೆನ್ನಾಗಿ ಮಾಡುವುದನ್ನು ನಾನು ಕಂಡಿರುವೆನು.

ರಾತ್ರಿ ಅಂಗಡಿ ಮುಚ್ಚುವ ಮುನ್ನ ಗಲ್ಲಾಪೆಟ್ಟಿಗೆಯ ಹಣವನ್ನು ಇಬ್ಬರು ಕುಳಿತು ಎಣಿಸಬೇಕು. ಬೆಳಗಿನ ಶಿಲ್ಕು, ದಿನದ ಜಮೆ, ದಿನದ ಖರ್ಚು, ಉಳಿದ ಶಿಲ್ಕು, ಈ ನಾಲ್ಕು ಅಂಕಿಗಳನ್ನು ಬರೆದು ಇಬ್ಬರೂ ರುಜು ಹಾಕಬೇಕು. ಜಮೆಗೂ ಖರ್ಚಿಗೂ ಎರಡು ಕಡೆ ಬರೆದು ತಾಳೆ ನೋಡುವ ಕ್ರಮವನ್ನು ಮೊದಲು ವಿವರಿಸಿ ಅಚ್ಚು ಹಾಕಿಸಿದವನು ಇಟಲಿಯ ಲೂಕಾ ಪಾಚೋಲಿಯೆಂಬ ಸಂನ್ಯಾಸಿ. ವೆನಿಸ್ ನಗರದಲ್ಲಿ, 1494ರಲ್ಲಿ. ಸಂನ್ಯಾಸಿಗೇಕೆ ಅಂಗಡಿಯ ಲೆಕ್ಕವೆಂದು ಅಲ್ಲಿನ ಜನರು ಕೇಳಿದರೋ ಇಲ್ಲವೋ ಅರಿಯೆನು. ಈ ಲೇಖನವನ್ನು ನೋಡಿ ಇಲ್ಲಿ ಕೆಲವರು ಕೇಳಬಹುದು.

ಎಣಿಕೆಯಲ್ಲಿ ಕಡಮೆಯಾದರೆ ಎಲ್ಲರೂ ಗಾಬರಿಗೊಳ್ಳುತ್ತಾರೆ. ಹೆಚ್ಚಾದರೆ ಸಂತೋಷಪಡುತ್ತಾರೆ. ಇದು ತಪ್ಪು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ನೆನೆಯಬೇಕು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆ ದಂಪತಿಗಳ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ನಿರಾಶೆಯ ಮಹಿಮೆಯನ್ನು ತಿಳಿಸಲು ಈ ಪ್ರಸಂಗವನ್ನು ಪುರಾಣಿಕರು ಹೇಳುತ್ತಾರೆ. ನಾನು ಇನ್ನೊಂದನ್ನು ಕೇಳುವೆನು: ಹೆಚ್ಚಾಗಿದೆಯೆಂದು ಆ ತಾಯಿಗೆ ತಿಳಿದುದು ಹೇಗೆ? ದಿನವೂ ಎಷ್ಟು ಬರುತ್ತದೆಂಬ ಲೆಕ್ಕವು ಅವರಿಗಿದ್ದುದರಿಂದಲ್ಲವೆ? ಹಿಡಿ ಅಕ್ಕಿಯ ಮನೆಯಲ್ಲಿ ಲೆಕ್ಕವಿತ್ತು. ಲಕ್ಷದ ಅಂಗಡಿಯಲ್ಲಿ ಇಲ್ಲ! ಪೆಟ್ಟಿಗೆಯಲ್ಲಿ ಹಣ ಹೆಚ್ಚಾಯಿತೆಂದರೆ, ಯಾರೋ ಗಿರಾಕಿಗೆ ಚಿಲ್ಲರೆ ಕಡಮೆ ಹೋಗಿದೆ. ಇಲ್ಲವೆ ಮಾರಿದ ಸರಕನ್ನು ಬರೆದಿಲ್ಲ. ಬರೆಯದ ಹಣವನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡು, ಸಮಯ ನೋಡಿ ತೆಗೆದುಕೊಳ್ಳುವವರೂ ಉಂಟು. ಆದಾಯವನ್ನು ಇಮ್ಮಡಿಯಾಗಿ ತೋರಿಸುವ ಅಧಿಕಾರಿಯು ಪ್ರಜೆಗಳನ್ನು ಭಕ್ಷಿಸುತ್ತಿರುವನೆಂದು ಕೌಟಿಲ್ಯನೂ ಎಚ್ಚರಿಸಿರುವನು. ಹೆಚ್ಚಳಕ್ಕೂ ಕಾರಣ ಕೇಳುವ ಅಂಗಡಿಯಲ್ಲಿ ಕಳವು ಬೆಳೆಯದು.

ಕಥೆಗೆ ಮರಳುವೆನು. ಹುಡುಗನು ಹೋದ ಮರುವರ್ಷ ಅಳಿಯನು ಮದುವೆಯೊಂದಕ್ಕೆ ನಾಲ್ಕು ದಿನ ಪರಊರಿಗೆ ಹೋಗಬೇಕಾಯಿತು. ಮೂರು ವರ್ಷಗಳಲ್ಲಿ ಅವನು ಅಂಗಡಿ ಬಿಟ್ಟು ಹೋದುದು ಅದೇ ಮೊದಲು. ಜ್ವರ ಬಂದರೂ ಬರುತ್ತಿದ್ದನೆಂದು ಮಾವನು ಎಲ್ಲರೆದುರು ಹೊಗಳುತ್ತಿದ್ದರು. ಅವನಿಲ್ಲದಾಗ ಮಿಲ್ಲಿನಿಂದ ನೂರು ಚೀಲಗಳು ಬಂದವು. ಹಿರಿಯರು ತಾವೇ ನಿಂತು ಇಳಿಸಿಕೊಂಡರು. ಅಟ್ಟಿಯು ಎಂದೂ ಮುಟ್ಟದಿದ್ದ ಗೋಡೆಯ ಗೂಡನ್ನು ಮುಟ್ಟಿತು. ಅಟ್ಟಿ ಹಾಕುವ ಕ್ರಮ ಅದೇ, ಚೀಲ ಅದೇ. ಹಾಗಾದರೆ ಹಿಂದೆ ಬರುತ್ತಿದ್ದುದು ನೂರಲ್ಲವೆಂದಾಯಿತು. ವಿಚಾರಿಸಲಾಗಿ, ಪ್ರತಿ ಲಾರಿಯಲ್ಲಿಯೂ ನಾಲ್ಕೈದು ಚೀಲಗಳು ದಾರಿಯಲ್ಲಿಯೇ ಇಳಿಯುತ್ತಿದ್ದವೆಂದೂ, ಬಿಲ್ಲಿಗೆ ಮಾತ್ರ ನೂರೆಂದು ರುಜು ಬೀಳುತ್ತಿತ್ತೆಂದೂ ತಿಳಿಯಿತು. ಹುಡುಗನು ಗೋದಾಮಿನಿಂದ ಒಂದು ಕಾಳನ್ನೂ ಮುಟ್ಟಿರಲಿಲ್ಲ. ಅವನ ಕೈಗೆ ಬಾರದ ಚೀಲಗಳಿಗೆ ಅವನು ಕಳ್ಳನಾಗಿದ್ದನು.

ಎಂದೂ ರಜೆ ಕೇಳದ ಗುಮಾಸ್ತನನ್ನು ನಾವು ಪುಣ್ಯಾತ್ಮನೆನ್ನುತ್ತೇವೆ. ಬಹುಮಂದಿ ಹಾಗೆಯೇ ಇರುವರು. ಆದರೂ ಬ್ಯಾಂಕುಗಳು ಹಣ ಮುಟ್ಟುವ ನೌಕರರನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆಯ ಮೇಲೆ ಕಳುಹಿಸುವುದು ಸುಮ್ಮನಲ್ಲ. ವರ್ಷಕ್ಕೊಮ್ಮೆ ಎಂಟು ದಿನ ಅವನಿಗೆ ವಿಶ್ರಾಂತಿ ಕೊಟ್ಟು, ಆ ಪುಸ್ತಕವನ್ನು ಬೇರೊಬ್ಬರು ಬರೆಯಲಿ. ನಿರ್ದೋಷಿಗೆ ವಿಶ್ರಾಂತಿಯಾಯಿತು, ಯಜಮಾನನಿಗೆ ಪರೀಕ್ಷೆಯಾಯಿತು, ಯಾರನ್ನೂ ಸಂಶಯಿಸಿದಂತಾಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಈ ಬಯಲಿನ ರೈತರು ಎಷ್ಟು ದಿನ ನಿದ್ದೆಗೆಟ್ಟರೆಂಬುದು ನಮಗೆಲ್ಲ ನೆನಪಿದೆ. 33 ಗೇಟುಗಳಲ್ಲಿ 32 ಭದ್ರವಾಗಿಯೇ ಇದ್ದವು.

ಅಳಿಯನು ಹುಟ್ಟಾ ಕಳ್ಳನಲ್ಲ. ಕ್ರಿಕೆಟ್ ಪಂದ್ಯಗಳ ಮೇಲೆ ಬಾಜಿ ಕಟ್ಟಿ ಸೋತಿದ್ದನು. ಸೋತುದನ್ನು ತುಂಬಲು ಮೀಟರ್ ಬಡ್ಡಿಗೆ ಸಾಲ ತಂದಿದ್ದನು. ಮಾವನಿಗೆ ಹೇಳಲು ನಾಚಿಕೆ. "ಗೆದ್ದಮೇಲೆ ತಿರುಗಿ ಇಡೋಣ ಅಂತಿದ್ದೆ" ಎಂದು ಅತ್ತನಂತೆ. ಅಮೆರಿಕದ ಡೊನಾಲ್ಡ್ ಕ್ರೆಸ್ಸಿಯೆಂಬ ಪಂಡಿತನು, ನಂಬಿಕೆದ್ರೋಹಕ್ಕಾಗಿ ಸೆರೆಯಲ್ಲಿದ್ದವರನ್ನು ಮಾತನಾಡಿಸಿ 1953ರಲ್ಲಿ ಒಂದು ಗ್ರಂಥವನ್ನು ಬರೆದನು. ಅವನು ಕಂಡುದಿಷ್ಟು: ಅಂಥವರಿಗೆ ಯಾರೆದುರೂ ಹೇಳಿಕೊಳ್ಳಲಾಗದ ಒಂದು ಹಣದ ಸಂಕಟವಿತ್ತು, ತಮ್ಮ ಸ್ಥಾನದಿಂದ ಅದನ್ನು ಗುಟ್ಟಾಗಿ ಪರಿಹರಿಸಿಕೊಳ್ಳಬಹುದೆಂಬ ಅವಕಾಶವು ಕಂಡಿತು, ಇದು ಕಳವಲ್ಲ, ಸಾಲವೆಂದು ಮನಸ್ಸಿಗೆ ಹೇಳಿಕೊಳ್ಳಲು ಒಂದು ಮಾತು ಸಿಕ್ಕಿತು. ನಮ್ಮ ಅಳಿಯನು ಆ ಗ್ರಂಥವನ್ನು ಓದಿರಲಿಲ್ಲ; ಆದರೂ ಮೂರಕ್ಕೆ ಮೂರನ್ನೂ ಮಾಡಿದ್ದನು.

ಇವುಗಳಲ್ಲಿ ಅವಕಾಶವನ್ನು ಲೆಕ್ಕವು ತಡೆಯುವುದು. ಮೊದಲನೆಯದನ್ನು, ಆ ಹೇಳಲಾಗದ ಸಂಕಟವನ್ನು, ತಡೆಯುವುದು ಯಜಮಾನನ ನಡತೆ. ಸಂಬಳವನ್ನು ಗೊತ್ತಾದ ದಿನ ಕೊಡದೆ ಹತ್ತು ಸಲ ಅಲೆಸುವವನು, ಮಗುವಿಗೆ ಜ್ವರವೆಂದು ಮುಂಗಡ ಕೇಳಿದರೆ ಮುಖ ತಿರುಗಿಸುವವನು, ಪೆಟ್ಟಿಗೆಗೆ ಎಷ್ಟು ಬೀಗ ಹಾಕಿದರೂ ಸಾಲದು. ಕೆಲಸದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸುವುದೂ ದಾಸೋಹವೇ. ವಿಚಾರಿಸಿ ಕೊಟ್ಟ ಮುಂಗಡವನ್ನು ಪುಸ್ತಕದಲ್ಲಿ ಬರೆದು ರುಜು ಪಡೆಯುವುದು ಮಾತ್ರ ಮರೆಯಬಾರದು.

ಹೊರಗಿನಿಂದ ಬರುವ ವಂಚಕರ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಮೊಬೈಲಿನಿಂದ ಹಣ ಸಲ್ಲಿಸುವ ಪದ್ಧತಿಯು ನಮ್ಮಲ್ಲಿ 2016ರಿಂದೀಚೆಗೆ ಹಳ್ಳಿಯ ಬೆಂಡು ಬತ್ತಾಸಿನ ಅಂಗಡಿಯವರೆಗೂ ಬಂದಿದೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿಯೂ ಚೌಕಳಿಯ ಚೀಟಿಯನ್ನು ತೂಗಹಾಕದ ಅಂಗಡಿ ಕಡಮೆ. ಈ ಕ್ಯೂಆರ್ ಚೀಟಿಯ ಮೇಲೆ ತಮ್ಮ ಚೀಟಿಯನ್ನು ರಾತ್ರೋರಾತ್ರಿ ಅಂಟಿಸಿ ಹೋಗುವವರುಂಟು. ಬೆಳಿಗ್ಗೆ ಕದ ತೆರೆದೊಡನೆ ಯಜಮಾನನು ಮನೆಯವರ ಮೊಬೈಲಿನಿಂದ ಒಂದು ರೂಪಾಯಿ ಕಳುಹಿಸಿ, ತನ್ನ ಖಾತೆಗೆ ಬಂತೇ ಎಂದು ನೋಡಿದರೆ ಸಾಕು. ಗಿರಾಕಿಯು ತನ್ನ ಮೊಬೈಲಿನಲ್ಲಿ ತೋರಿಸುವ ಚಿತ್ರವನ್ನು ನಂಬಬಾರದು. ಅಂಥ ಚಿತ್ರವನ್ನು ಸುಳ್ಳಾಗಿ ಸೃಷ್ಟಿಸಬಹುದು. ತನ್ನ ಮೊಬೈಲಿಗೆ ಬಂದ ಸಂದೇಶವೋ, ಅಂಗಡಿಯ ಧ್ವನಿಪೆಟ್ಟಿಗೆಯ ಕೂಗೋ ಪ್ರಮಾಣ. ಹಣವನ್ನು ಪಡೆಯಲು ಗುಪ್ತಸಂಖ್ಯೆ ಬೇಕಿಲ್ಲ. ಕೊಡಲು ಮಾತ್ರ ಬೇಕು. ನಿಮಗೆ ಹಣ ಕಳುಹಿಸುತ್ತೇನೆ, ಪಿನ್ ಒತ್ತಿರಿ ಎನ್ನುವವನು ವಂಚಕನೇ. ಮೋಸಹೋದೆನೆಂದು ತಿಳಿದ ಕೂಡಲೆ 1930 ಸಂಖ್ಯೆಗೆ ಕರೆ ಮಾಡಬೇಕು. ನಾಚಿಕೆಯಿಂದ ಒಂದು ದಿನ ಕಳೆದರೆ ಹಣವು ಹತ್ತು ಖಾತೆಗಳನ್ನು ದಾಟಿರುವುದು.

ತೂಕದಲ್ಲಿ ವರ್ತಕನು ಮೋಸ ಮಾಡುವುದಷ್ಟೇ ಅಲ್ಲ, ಮೋಸಹೋಗುವುದೂ ಉಂಟು. ನಮ್ಮಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಚೀಲಕ್ಕೆ ಒಂದೇ ಕಿಲೋ ಕಡಮೆಯಾದರೂ 300 ಚೀಲಗಳಿಗೆ ನಾಲ್ಕು ಚೀಲ ಹೋಯಿತು. ಕಬ್ಬಿಣದ ಬಟ್ಟುಗಳಿಗೂ ತೂಗು ತಕ್ಕಡಿಗೂ 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ ಸರ್ಕಾರದ ಮುದ್ರೆ ಆಗಬೇಕೆಂದು 2011ರ ನಿಯಮವಿದೆ. ಮುದ್ರೆಯಾದ ಐದು ಕಿಲೋದ ಬಟ್ಟೊಂದನ್ನು ಬೇರೆ ಇಟ್ಟುಕೊಂಡು, ದಿನವೂ ಒಮ್ಮೆ ತಕ್ಕಡಿಯ ಮೇಲಿಟ್ಟು ನೋಡುವುದು ಉತ್ತಮ.

ಉದ್ರಿಯ ವಿಷಯ ಬೇರೆ. ವೇಷಕ್ಕೆ ನಮಸ್ಕರಿಸುವುದು ನಮ್ಮ ಸಂಸ್ಕಾರ. ವೇಷವನ್ನು ನೋಡಿ ಉದ್ರಿ ಕೊಡುವುದು ವ್ಯಾಪಾರವಲ್ಲ. ಹಣೆಯ ವಿಭೂತಿಯನ್ನೇ ಜಾಮೀನಾಗಿ ತೋರಿಸಿ, "ನಾವೂ ನಿಮ್ಮವರೇ" ಎಂದು ಐವತ್ತು ಚೀಲ ಒಯ್ದು ಮುಖ ತೋರಿಸದವರ ಕಥೆಯು ಪ್ರತಿ ಊರಿನಲ್ಲಿಯೂ ಒಂದಿರುವುದು. ಕಾಯಿದೆಯ ಕೆಲವು ಅಂಶಗಳನ್ನು ಪ್ರತಿಯೊಬ್ಬ ವರ್ತಕನೂ ಅರಿತಿರಬೇಕು. ಕ್ರಮವಾಗಿ ಬರೆದ ಪುಸ್ತಕವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದು, ಆದರೆ ಪುಸ್ತಕವೊಂದರಿಂದಲೇ ಎದುರಾಳಿಯ ಮೇಲೆ ಸಾಲವನ್ನು ಹೊರಿಸಲಾಗದು. 1872ರ ಸಾಕ್ಷ್ಯ ಕಾಯಿದೆ ಹೇಳಿದ್ದ ಈ ಮಾತನ್ನೇ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯೂ ಹೇಳುವುದು. ಆದುದರಿಂದ ಕೊಂಡವನ ರುಜು ಇರುವ ಬಿಲ್ಲೂ ಬೇಕು. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಮೂರು ವರ್ಷಗಳ ಅವಧಿ; ಅದು ಮುಗಿಯುವುದರೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ರುಜು ಹಾಕಿದರೆ ಅಂದಿನಿಂದ ಹೊಸದಾಗಿ ಎಣಿಕೆ. ಚೆಕ್ಕು ಮರಳಿದರೆ, ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು; ನೋಟೀಸು ಮುಟ್ಟಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. "ನಾಳೆ ಕೊಡುತ್ತೇನೆ" ಎಂಬ ಮಾತನ್ನು ಕೇಳುತ್ತ ಈ ದಿನಗಳನ್ನು ಕಳೆದುಕೊಂಡವರೇ ಹೆಚ್ಚು.

ಅಳಿಯನ ಮೇಲೆ ಹಿರಿಯರು ದೂರು ಕೊಡಲಿಲ್ಲ. ತಂಗಿಯ ಮುಖ ನೋಡಿ ಬಿಟ್ಟರು. ಅವನು ತಿಂಗಳು ತಿಂಗಳು ಹಣ ತೀರಿಸುವಂತೆ ಪತ್ರ ಬರೆಸಿಕೊಂಡರು. ಅದು ಸರಿಯೋ ತಪ್ಪೋ ನಾನು ಹೇಳಲಾರೆನು. ಹುಡುಗನ ತಾಯಿಗೆ ಏನು ಹೇಳಬೇಕೆಂಬುದು ಉಳಿಯಿತು. ಒಂದು ಸೋಮವಾರ ಹಿರಿಯರು ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಮಗನನ್ನು ಮರಳಿ ಕರೆಸೆಂದೂ, ಹಿಂದಿನದರ ಎರಡರಷ್ಟು ಸಂಬಳ ಕೊಡುವೆನೆಂದೂ ಹೇಳಿದರು. ಹುಡುಗನು ಬೆಂಗಳೂರಿನಲ್ಲಿ ಮೇಸ್ತ್ರಿಯ ಕೆಳಗೆ ಕೆಲಸ ಕಲಿತಿದ್ದನು, ಬರುವುದಿಲ್ಲವೆಂದು ಹೇಳಿದ್ದನು. ಮಡಿಚಿದ ನೋಟುಗಳನ್ನು ಹಿರಿಯರು ಮುಂದೆ ಚಾಚಿದರು. ಆಕೆ ಮುಟ್ಟಲಿಲ್ಲ.

"ರೊಕ್ಕ ಬ್ಯಾಡ್ರಿ ಸಾವ್ಕಾರ್ರೆ. ಬಾಯಿಮಾತೂ ಬ್ಯಾಡ. ಅವ ಕಳ್ಳ ಅಲ್ಲ ಅಂತ ಒಂದು ಕಾಗದದಾಗ ಬರದು ಕೊಡ್ರಿ. ಯಾರರ ಕೇಳಿದ್ರ ತೋರಸ್ತೀನಿ" ಎಂದಳು.

ಆಕೆಗೆ ಓದಲು ಬಾರದು. ಹಿರಿಯರು ನನ್ನತ್ತ ನೋಡಿದರು. ನಾನು ಚೀಲದಿಂದ ಕಾಗದ ತೆಗೆದು, ಅವರು ಹೇಳಿದಂತೆ ಬರೆದೆನು: ಇಂಥ ವರ್ಷ, ಇಂಥ ತಿಂಗಳು, ಇಷ್ಟು ಚೀಲಗಳು, ಅವು ಗೋದಾಮಿಗೆ ಬಂದೇ ಇರಲಿಲ್ಲ, ಹುಡುಗನ ಮೇಲೆ ಹೊರಿಸಿದ್ದು ನಮ್ಮ ತಪ್ಪು. ಹಿರಿಯರು ರುಜು ಹಾಕಿದರು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆನು. ಆಕೆ ಅದನ್ನು ಎರಡು ಸಲ ಓದಿಸಿಕೊಂಡು, ಪಡಿತರ ಚೀಟಿಯ ಜೊತೆಗೆ ತಗಡಿನ ಡಬ್ಬಿಯಲ್ಲಿ ಇಟ್ಟಳು.